ಕಾರಿನಲ್ಲಿ ಪಿಸ್ತೂಲು: ಪರವಾನಗಿ ಯಾರಿಗೆ, ಹೊಣೆ ಯಾರದು?

ಪುಣೆಯಿಂದ ಬೆಳಗಾವಿಗೆ ಹೊರಟ ಕಾರು. ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಪಾಯಿಂಟ್ 32 ರಿವಾಲ್ವರ್. ಓಡಿಸುತ್ತಿರುವವರು ಅದರ ಮಾಲೀಕರೇ, ಪರವಾನಗಿ ಪುಸ್ತಕವೂ ಜೇಬಿನಲ್ಲಿದೆ. ಕಾತ್ರಜ್ ಘಾಟಿ ಇಳಿದ ಮೇಲೆ ನಾಕಾಬಂದಿಯಲ್ಲಿ ಪೊಲೀಸರು ತಡೆದು ಖಾನೆ ತೆಗೆಸಿದರೆ ಅವರು ತಪ್ಪಿತಸ್ಥರಾಗುತ್ತಾರೆಯೇ? ಲೈಸೆನ್ಸ್ ಇದ್ದ ಮೇಲೆ ಎಲ್ಲಿಟ್ಟುಕೊಂಡರೂ ನಡೆಯುತ್ತದೆ ಎನ್ನುವವರಿದ್ದಾರೆ. ಸ್ವಂತ ಕಾರೆಂದರೆ ಸ್ವಂತ ಮನೆಯಿದ್ದಂತೆ ಎಂದು ವಾದಿಸುವವರಿದ್ದಾರೆ. ಗುಂಡು ಬೇರೆ, ಆಯುಧ ಬೇರೆ ಇಟ್ಟರೆ ಸಾಕು ಎಂದು ನಂಬಿದವರೂ ಇದ್ದಾರೆ. ಈ ಮೂರರಲ್ಲಿ ಯಾವುದೂ ಪೂರ್ತಿ ಸರಿಯಲ್ಲ.

ಭಾರತದಲ್ಲಿ ಸ್ವಂತ ವಾಹನದಲ್ಲಿ ಪಿಸ್ತೂಲು ಒಯ್ಯುವುದಕ್ಕೆಂದೇ ಬರೆದ ಪ್ರತ್ಯೇಕ ನಿಯಮ ಇಲ್ಲ. ಸಂಬಂಧಪಟ್ಟ ಮಾತುಗಳು ಕಾಯ್ದೆಯಲ್ಲಿ ಒಂದಿಷ್ಟು, ನಿಯಮಾವಳಿಯಲ್ಲಿ ಒಂದಿಷ್ಟು, ರಾಜ್ಯದ ಪೊಲೀಸ್ ಕಾಯ್ದೆಯಲ್ಲಿ ಒಂದಿಷ್ಟು, ಪರವಾನಗಿಯ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಒಂದಿಷ್ಟು ಚದುರಿಕೊಂಡಿವೆ. ಒಟ್ಟುಗೂಡಿಸಿ ಓದಿದರೆ ಅವೆಲ್ಲ ಸುತ್ತುವುದು ಒಂದೇ ಪ್ರಶ್ನೆಯ ಸುತ್ತ: ಆ ಗಳಿಗೆಯಲ್ಲಿ ಆಯುಧ ಯಾರ ಹತೋಟಿಯಲ್ಲಿದೆ? ಪರವಾನಗಿ ಮನುಷ್ಯನಿಗೆ ಸಿಗುತ್ತದೆ, ಗಾಡಿಗೆ ಸಿಗುವುದಿಲ್ಲ.

ಕಾಗದದ ಮೂರು ಪದರ

ಮೇಲಿನ ಪದರ ಕೇಂದ್ರದ ಶಸ್ತ್ರಾಸ್ತ್ರ ಕಾಯ್ದೆ. 1959ರಲ್ಲಿ ಅಂಗೀಕಾರವಾದ ಇದು 1962ರ ಅಕ್ಟೋಬರ್ 1ರಂದು ಜಾರಿಗೆ ಬಂತು. ಪರವಾನಗಿ ಇಲ್ಲದೆ ಬಂದೂಕು, ಗುಂಡುಗಳನ್ನು ಪಡೆಯುವುದು, ಇಟ್ಟುಕೊಳ್ಳುವುದು, ಒಯ್ಯುವುದು ಮೂರನ್ನೂ ಅದರ 3ನೇ ಸೆಕ್ಷನ್ ನಿಷೇಧಿಸುತ್ತದೆ. 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಆಯುಧಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು, ಪರವಾನಗಿಯ ಅವಧಿಯನ್ನು ಮೂರು ವರ್ಷದಿಂದ ಐದಕ್ಕೆ ಏರಿಸಿತು. ಪರವಾನಗಿ ಇಲ್ಲದ ಸಾಧಾರಣ ಪಿಸ್ತೂಲು ಸಿಕ್ಕರೆ ಮೊದಲು ಒಂದರಿಂದ ಮೂರು ವರ್ಷವಿದ್ದ ಸಜೆ ಎರಡರಿಂದ ಐದು ವರ್ಷವಾಯಿತು. ನಿಷೇಧಿತ ವರ್ಗದ ಆಯುಧವಾದರೆ ಏಳರಿಂದ ಹದಿನಾಲ್ಕು ವರ್ಷ. 9 ಎಂಎಂ ಪಿಸ್ತೂಲು ಈ ನಿಷೇಧಿತ ವರ್ಗಕ್ಕೆ ಸೇರುತ್ತದೆ. ಜನಸಾಮಾನ್ಯರಿಗೆ ಸಿಗುವುದು ಹೆಚ್ಚಾಗಿ ಪಾಯಿಂಟ್ 32 ಅಥವಾ ಪಾಯಿಂಟ್ 22. ಪಾಯಿಂಟ್ 32 ಗುಂಡಿನ ತಳದಲ್ಲಿ ‘ಕೆಎಫ್’ ಎಂಬ ಮುದ್ರೆ ಕಂಡರೆ ಅದು ಪುಣೆಯ ಖಡಕಿಯ ಮದ್ದುಗುಂಡು ಕಾರ್ಖಾನೆಯದು. 1869ರಿಂದ ಇರುವ ಕಾರ್ಖಾನೆ ಅದು.

ಎರಡನೆಯ ಪದರ 2016ರ ಶಸ್ತ್ರಾಸ್ತ್ರ ನಿಯಮಾವಳಿ. ಅರ್ಜಿಯ ನಮೂನೆ, ಸುರಕ್ಷತಾ ತರಬೇತಿ, ವೈದ್ಯಕೀಯ ಪ್ರಮಾಣಪತ್ರ, ಆಯುಧವನ್ನು ಜೋಪಾನವಾಗಿ ಇಡುವ ಮುಚ್ಚಳಿಕೆ, ಸಾರ್ವಜನಿಕ ಸ್ಥಳದಲ್ಲಿ ಒಯ್ಯುವ ಬಗೆ ಎಲ್ಲವೂ ಇದರಲ್ಲಿವೆ. ಮೂರನೆಯದು ಪರವಾನಗಿ ಪತ್ರ ಮತ್ತು ಅದರ ಷರತ್ತುಗಳು. ಪುಣೆಯವರಿಗೆ ಇಲ್ಲಿ ಒಂದು ತೊಡಕಿದೆ: ಪರವಾನಗಿ ಕೊಡುವ ಪ್ರಾಧಿಕಾರಗಳೇ ಮೂರು. ಪುಣೆ ನಗರಕ್ಕೆ ಒಂದು ಪೊಲೀಸ್ ಕಮಿಷನರೇಟ್, 2018ರ ಆಗಸ್ಟ್ 15ರಿಂದ ಪಿಂಪ್ರಿ-ಚಿಂಚವಾಡಕ್ಕೆ ಇನ್ನೊಂದು, ಉಳಿದ ಗ್ರಾಮೀಣ ಭಾಗಕ್ಕೆ ಜಿಲ್ಲಾಧಿಕಾರಿ. ಕೋಥ್ರೂಡಿನಲ್ಲಿ ಮನೆ, ಹಿಂಜವಡಿಯಲ್ಲಿ ಕಚೇರಿ, ಮುಳಶಿಯಲ್ಲಿ ತೋಟ ಇರುವವರು ಒಂದೇ ದಿನದಲ್ಲಿ ಮೂವರ ವ್ಯಾಪ್ತಿಯನ್ನು ದಾಟಿ ಬರುತ್ತಾರೆ. ಪರವಾನಗಿಯಲ್ಲಿ ಬರೆದ ಕ್ಷೇತ್ರ ಎಷ್ಟು ದೂರದವರೆಗೆ ಎಂದು ನೋಡಿಕೊಳ್ಳದೆ ಹೊರಡುವುದು ಅಪಾಯ.

ಒರೆ, ಚೀಲ, ಹತೋಟಿ

ಕಾರಿನ ಪ್ರಶ್ನೆಗೆ ಅತಿ ಹತ್ತಿರದ ಉತ್ತರವಿರುವುದು 2016ರ ನಿಯಮಾವಳಿಯಲ್ಲಿ. ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲು ಅಥವಾ ರಿವಾಲ್ವರ್ ಒಯ್ಯುವವರು ಅದನ್ನು ಮೈಗೆ ಕಟ್ಟಿದ ಒರೆಯಲ್ಲಿ ಇಟ್ಟಿರಬೇಕು, ಇಲ್ಲವೇ ಬೆನ್ನುಚೀಲದಂಥ ಚೀಲದಲ್ಲಿ ಇಟ್ಟಿರಬೇಕು. ಅದು ಪೂರ್ತಿ ಮುಚ್ಚಿರಬೇಕು. ಒಯ್ಯುವವರಿಗೆ ಅದರ ಮೇಲೆ ಪರಿಣಾಮಕಾರಿ ಹತೋಟಿ ಇರಬೇಕು. ಈ ಮಾತುಗಳು ದಕ್ಷಿಣ ಆಫ್ರಿಕಾದ 2000ನೇ ಇಸವಿಯ ಬಂದೂಕು ನಿಯಂತ್ರಣ ಕಾಯ್ದೆಯ 84ನೇ ಸೆಕ್ಷನ್ನಿಗೆ ಬಹುತೇಕ ಪದಶಃ ಹೊಂದುತ್ತವೆ.

ಈ ಅಳತೆಗೋಲು ಹಿಡಿದರೆ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಬರಿದೇ ಬಿದ್ದಿರುವ ರಿವಾಲ್ವರ್ ಒರೆಯಲ್ಲೂ ಇಲ್ಲ, ಚೀಲದಲ್ಲೂ ಇಲ್ಲ. ಸೀಟಿನ ಕೆಳಗೆ ತುರುಕಿದ್ದೂ ಹಾಗೆಯೇ. ಎರಡು ಸೀಟುಗಳ ನಡುವೆ ಎದ್ದು ಕಾಣುವಂತೆ ಇಟ್ಟರೆ ಮುಚ್ಚಿರಬೇಕೆಂಬ ಮಾತೂ ಮುರಿಯುತ್ತದೆ. ಡಿಕ್ಕಿಯಲ್ಲಿ ಬೀಗ ಹಾಕಿಟ್ಟದ್ದು ನೋಡುವುದಕ್ಕೆ ಹೆಚ್ಚು ಸುರಕ್ಷಿತ. ಆದರೆ ಓಡಿಸುತ್ತಿರುವವರ ಕೈಗೆ ಎಟುಕದ ವಸ್ತುವಿನ ಮೇಲೆ ಅವರಿಗೆ ಪರಿಣಾಮಕಾರಿ ಹತೋಟಿ ಇದೆಯೇ ಎಂಬ ಪ್ರಶ್ನೆ ಎದ್ದೇ ಏಳುತ್ತದೆ. ಗುಂಡು ತುಂಬಿರಬೇಕೇ, ತೆಗೆದಿರಬೇಕೇ ಎಂಬುದರ ಬಗ್ಗೆ ಈ ನಿಯಮ ಮಾತಾಡುವುದಿಲ್ಲ. ಗುಂಡು ಬೇರೆ ಇಟ್ಟರೆ ಅದು ವಿವೇಕ, ಅಷ್ಟರಿಂದಲೇ ನಿಯಮ ಪಾಲಿಸಿದಂತಾಗುವುದಿಲ್ಲ.

ಅಮೆರಿಕದ ಯೋಚನೆ ಇದಕ್ಕೆ ತಲೆಕೆಳಗು. ಅಲ್ಲಿನ 1986ರ ಒಕ್ಕೂಟ ಕಾನೂನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಆಯುಧ ಸಾಗಿಸುವ ಸಾಮಾನ್ಯ ಪ್ರಯಾಣಿಕರಿಗೆ ರಕ್ಷಣೆ ಕೊಡುತ್ತದೆ. ಆದರೆ ಗುಂಡು ತೆಗೆದಿರಬೇಕು, ಕೂತವರ ಕೈಗೆ ಸಿಗದಂತೆ ಡಿಕ್ಕಿಯಲ್ಲಿರಬೇಕು. ಡಿಕ್ಕಿ ಇಲ್ಲದ ಗಾಡಿಯಾದರೆ ಬೀಗ ಹಾಕಿದ ಪೆಟ್ಟಿಗೆಯಲ್ಲಿಡಬೇಕು, ಡ್ಯಾಶ್‌ಬೋರ್ಡಿನ ಖಾನೆಯಂತೂ ಲೆಕ್ಕಕ್ಕಿಲ್ಲ. ಆಯುಧ ಮನುಷ್ಯನಿಂದ ದೂರವಿದ್ದಷ್ಟೂ ಕ್ಷೇಮ ಎಂದು ಆ ಕಾನೂನು ಎಣಿಸಿದರೆ, ಒಯ್ಯುವುದಾದರೆ ಮೈಬಿಟ್ಟು ಹೋಗದಂತೆ ಒಯ್ಯಿರಿ ಎಂದು ನಮ್ಮದು ಹೇಳುತ್ತದೆ. ವಿದೇಶದ ವಿಡಿಯೊಗಳನ್ನು ನೋಡಿ ಕಾರಿನಲ್ಲಿ ಪೆಟ್ಟಿಗೆ ಜೋಡಿಸಿಕೊಳ್ಳುವವರು ಈ ವ್ಯತ್ಯಾಸವನ್ನು ಗಮನಿಸುವುದು ಒಳ್ಳೆಯದು.

ಹಾಗಾದರೆ ರಸ್ತೆಯ ಮೇಲಿನ ಖಾಸಗಿ ಕಾರು ‘ಸಾರ್ವಜನಿಕ ಸ್ಥಳ’ವೇ? ಸುಪ್ರೀಂ ಕೋರ್ಟ್ ಬೇರೆ ಕಾನೂನುಗಳಡಿ ಎರಡೂ ಬಗೆಯ ಉತ್ತರ ಕೊಟ್ಟಿದೆ. ಬಿಹಾರದ ಮದ್ಯ ನಿಷೇಧದ ಪ್ರಕರಣವೊಂದರಲ್ಲಿ, ಸಾರ್ವಜನಿಕ ರಸ್ತೆಯಲ್ಲಿರುವ ಖಾಸಗಿ ವಾಹನದ ಹತ್ತಿರ ಜನ ಬರಬಹುದಾದ್ದರಿಂದ ಅದೂ ಸಾರ್ವಜನಿಕ ಸ್ಥಳವೇ ಎಂದು 2019ರಲ್ಲಿ ಹೇಳಿತು. 2021ರಲ್ಲಿ ಮಾದಕವಸ್ತು ಕಾಯ್ದೆಯ ಪ್ರಕರಣದಲ್ಲಿ, ಆ ಕಾಯ್ದೆಯ ವಿವರಣೆಯ ಪ್ರಕಾರ ಖಾಸಗಿ ವಾಹನ ಸಾರ್ವಜನಿಕ ಸ್ಥಳವಲ್ಲ ಎಂದಿತು. ಪ್ರತಿ ಕಾಯ್ದೆ ತನ್ನ ಮಾತುಗಳಿಂದಲೇ ಅಳೆಯಲ್ಪಡುತ್ತದೆ ಎಂಬುದು ಇದರ ಪಾಠ. ಕಾರು ಸಾರ್ವಜನಿಕ ಸ್ಥಳವಲ್ಲ ಎಂಬ ತರ್ಕವನ್ನು ನಂಬಿ ಖಾನೆಯಲ್ಲಿ ಪಿಸ್ತೂಲು ಇಟ್ಟು ಹೊರಡುವುದೆಂದರೆ ಕೋರ್ಟಿನಲ್ಲಿ ವರ್ಷಗಟ್ಟಲೆ ವಾದಿಸಲು ಸಿದ್ಧರಾಗಿ ಹೊರಟಂತೆ.

ಕಾರಿನಲ್ಲಿರುವ ಉಳಿದವರು

ಕಾರಿನಲ್ಲಿ ಒಬ್ಬರೇ ಇರುವುದು ಅಪರೂಪ. ಶಸ್ತ್ರಾಸ್ತ್ರ ಕಾಯ್ದೆಯ 35ನೇ ಸೆಕ್ಷನ್ನನ್ನು ಪರವಾನಗಿದಾರರ ಮನೆಮಂದಿಯೂ ಒಮ್ಮೆ ಓದಿಕೊಳ್ಳಬೇಕು. ಹಲವರು ಒಟ್ಟಾಗಿ ಬಳಸುವ ಮನೆ, ವಾಹನ ಅಥವಾ ಬೇರೆ ಜಾಗದಲ್ಲಿ ಅಪರಾಧಕ್ಕೆ ಸಂಬಂಧಿಸಿದ ಆಯುಧ ಸಿಕ್ಕರೆ, ಅದು ಅಲ್ಲಿರುವುದು ಗೊತ್ತಿತ್ತೆಂದು ನಂಬಲು ಕಾರಣವಿರುವ ಪ್ರತಿಯೊಬ್ಬರೂ ಹೊಣೆಗಾರರು. ಅಲ್ಲವೆಂದು ತೋರಿಸಬೇಕಾದವರೂ ಅವರೇ. ಸ್ನೇಹಿತನ ಚೀಲದಲ್ಲಿ ಕಂಟ್ರಿ ಪಿಸ್ತೂಲು ಇದೆಯೆಂದು ತಿಳಿದೂ ಜತೆಗೆ ಹೊರಟವರು ಹಿಂದಿನ ಸೀಟಿನಲ್ಲಿ ಕೂತರೂ ತಪ್ಪಿಸಿಕೊಳ್ಳಲಾರರು.

ಗೊತ್ತಿತ್ತೇ, ಗೊತ್ತಿರಲಿಲ್ಲವೇ ಎಂಬುದನ್ನು ನ್ಯಾಯಾಲಯಗಳು ಬಹುಕಾಲದಿಂದ ತೂಗುತ್ತಾ ಬಂದಿವೆ. ಕೈಯಲ್ಲಿ ಹಿಡಿದಿರದಿದ್ದರೂ ವಸ್ತುವಿನ ಮೇಲೆ ಅಧಿಕಾರವಿದ್ದರೆ ಅದು ಸ್ವಾಧೀನವೇ ಎಂದು ಸುಪ್ರೀಂ ಕೋರ್ಟ್ 1972ರಲ್ಲೇ ಹೇಳಿತ್ತು. ನಟ ಸಂಜಯ್ ದತ್ ಪ್ರಕರಣದಲ್ಲಿ ಸಂವಿಧಾನ ಪೀಠ 1994ರ ಸೆಪ್ಟೆಂಬರಿನಲ್ಲಿ, ಸ್ವಾಧೀನವೆಂದರೆ ಅರಿವಿನಿಂದ ಕೂಡಿದ ಸ್ವಾಧೀನ ಎಂದು ಬಿಡಿಸಿ ಹೇಳಿತು. ಆ ಪ್ರಕರಣದ ಬೇರಿನಲ್ಲೂ ಒಂದು ವಾಹನವಿದೆ. 1993ರ ಜನವರಿಯಲ್ಲಿ ಮುಂಬಯಿಯ ಅವರ ಮನೆಗೆ ಆಯುಧಗಳು ಬಂದದ್ದು ಗುಪ್ತ ಗೂಡುಗಳಿದ್ದ ಮಾರುತಿ ವ್ಯಾನಿನಲ್ಲಿ. ಶಸ್ತ್ರಾಸ್ತ್ರ ಕಾಯ್ದೆಯಡಿ ಅವರು ತಪ್ಪಿತಸ್ಥರೆಂಬುದನ್ನು 2013ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದು ಸಜೆಯನ್ನು ಐದು ವರ್ಷಕ್ಕೆ ಇಳಿಸಿತು. ಪುಣೆಯ ಯೆರವಡಾ ಜೈಲಿನಲ್ಲಿ ಅದನ್ನು ಮುಗಿಸಿ ಅವರು 2016ರ ಫೆಬ್ರವರಿಯಲ್ಲಿ ಹೊರಬಂದರು. ಇದೇ ತತ್ವ ಅಮಾಯಕರ ನೆರವಿಗೂ ಬಂದಿದೆ. ಚೀಲದ ಮೂಲೆಯಲ್ಲಿ ಮರೆತುಹೋದ ಒಂದೇ ಒಂದು ಗುಂಡು ತಪಾಸಣೆಯಲ್ಲಿ ಸಿಕ್ಕ ಪ್ರಕರಣವನ್ನು ದೆಹಲಿ ಹೈಕೋರ್ಟ್ 2014ರಲ್ಲಿ ಅರಿವಿನ ಸ್ವಾಧೀನವಿಲ್ಲವೆಂದು ರದ್ದು ಮಾಡಿತು.

ಡ್ರೈವರ್ ಇರುವವರಿಗೆ ಇನ್ನೊಂದು ಸಂದಿಗ್ಧ. ಪರವಾನಗಿ ಇಲ್ಲದವರು ಆಯುಧ ಒಯ್ಯಲು 3ನೇ ಸೆಕ್ಷನ್ ಒಂದು ಸಣ್ಣ ಕಿಂಡಿ ಬಿಟ್ಟಿದೆ. ಪರವಾನಗಿದಾರರ ಎದುರಿನಲ್ಲಿ ಅಥವಾ ಅವರ ಲಿಖಿತ ಒಪ್ಪಿಗೆಯ ಮೇಲೆ ಒಯ್ಯಬಹುದು, ಅದೂ ರಿಪೇರಿಗೆ, ನವೀಕರಣಕ್ಕೆ ಅಥವಾ ಪರವಾನಗಿದಾರರೇ ಬಳಸುವುದಕ್ಕೆ. ಸಾಹೇಬರು ಮದುವೆ ಮಂಟಪದೊಳಗೆ ಹೋದಾಗ ಪಿಸ್ತೂಲನ್ನು ಕಾರಿನಲ್ಲಿ ಬಿಟ್ಟು, ಡ್ರೈವರ್ ಚಹಾ ಕುಡಿಯಲು ಗಾಡಿ ತಿರುಗಿಸಿಕೊಂಡು ಹೋದರೆ ಆ ಕಿಂಡಿ ಮುಚ್ಚುತ್ತದೆ. ಹೋಟೆಲಿನ ವ್ಯಾಲೆಗೆ ಕೀಲಿ ಕೊಟ್ಟಾಗ, ಸರ್ವೀಸಿಗೆ ಗ್ಯಾರೇಜಿನಲ್ಲಿ ಬಿಟ್ಟಾಗ ಆಗುವುದೂ ಇದೇ. ಕೀಲಿ ಕೈಬದಲಾದ ಗಳಿಗೆಯಲ್ಲೇ ಪಿಸ್ತೂಲೂ ಕೈಬದಲಾಗಿರುತ್ತದೆ.

ತಡೆದು ನಿಲ್ಲಿಸಿದಾಗ

ಪೊಲೀಸರ ಅಧಿಕಾರಗಳು ಮೂರು ಸೆಕ್ಷನ್ನುಗಳಲ್ಲಿ ಹಂಚಿಕೊಂಡಿವೆ. 19ನೆಯದರಡಿ ಆಯುಧ ಒಯ್ಯುವ ಯಾರನ್ನಾದರೂ ಪರವಾನಗಿ ತೋರಿಸಲು ಕೇಳಬಹುದು, ತೋರಿಸದಿದ್ದರೆ ಆಯುಧವನ್ನು ಜಪ್ತಿ ಮಾಡಬಹುದು. 23ನೆಯದರಡಿ ಕಾಯ್ದೆಯ ಉಲ್ಲಂಘನೆ ನಡೆದಿದೆಯೇ, ನಡೆಯುತ್ತಿದೆಯೇ, ನಡೆಯಲಿದೆಯೇ ಎಂದು ತಿಳಿಯಲು ವಾಹನವನ್ನು ತಡೆದು ಶೋಧಿಸಬಹುದು. 20ನೆಯದು ಹೆಚ್ಚು ಕಟ್ಟುನಿಟ್ಟು. ಪರವಾನಗಿ ಇರಲಿ, ಇಲ್ಲದಿರಲಿ, ಕೆಟ್ಟ ಉದ್ದೇಶದ ಸಂಶಯ ಬರುವಂತೆ ಆಯುಧ ಒಯ್ಯುತ್ತಿದ್ದರೆ ವಾರಂಟ್ ಇಲ್ಲದೆ ಬಂಧಿಸಬಹುದು. ಶಿಕ್ಷೆಯಾದರೆ ಆಯುಧದ ಜತೆಗೆ ಅದನ್ನು ಸಾಗಿಸಿದ ವಾಹನವನ್ನೂ ಮುಟ್ಟುಗೋಲು ಹಾಕುವ ವಿವೇಚನೆ 32ನೇ ಸೆಕ್ಷನ್ ಪ್ರಕಾರ ನ್ಯಾಯಾಲಯಕ್ಕಿದೆ.

ಪರವಾನಗಿಯ ಷರತ್ತನ್ನಷ್ಟೇ ಮುರಿದವರಿಗೆ 30ನೇ ಸೆಕ್ಷನ್ನಿನಡಿ ಆರು ತಿಂಗಳವರೆಗಿನ ಸಜೆ, ಎರಡು ಸಾವಿರ ರೂಪಾಯಿವರೆಗಿನ ದಂಡ, ಇಲ್ಲವೇ ಎರಡೂ. ಹಗುರವೆನಿಸಬಹುದು. ಆದರೆ ನಿಜವಾದ ಪೆಟ್ಟು ಬೀಳುವುದು 17ನೇ ಸೆಕ್ಷನ್ನಿನಡಿ ಪರವಾನಗಿಯೇ ಅಮಾನತು ಅಥವಾ ರದ್ದಾದಾಗ. ಮುಳಶಿ ತಾಲ್ಲೂಕಿನ ಜಮೀನು ತಂಟೆಯಲ್ಲಿ ರೈತರತ್ತ ಪಿಸ್ತೂಲು ಬೀಸಿದರೆಂದು ಆರೋಪವಿರುವ ಮಹಿಳೆಯೊಬ್ಬರ ವಿಡಿಯೊ 2024ರ ಜುಲೈನಲ್ಲಿ ದೇಶದ ತುಂಬ ಹರಡಿತು. ಪೊಲೀಸರು ಪ್ರಕರಣ ದಾಖಲಿಸಿ ಬಂಧಿಸಿದ್ದಷ್ಟೇ ಅಲ್ಲ, ಪುಣೆ ನಗರ ಪೊಲೀಸರು ಪರವಾನಗಿ ಏಕೆ ರದ್ದು ಮಾಡಬಾರದೆಂದು ನೋಟಿಸ್ ಕೊಟ್ಟರು. ಆತ್ಮರಕ್ಷಣೆಗೆಂದು ಕೊಟ್ಟ ಆಯುಧವನ್ನು ಬೆದರಿಸಲು ಬಳಸಿದರೆ ಮೊದಲು ಅಲುಗಾಡುವುದು ಪರವಾನಗಿ.

ಕೊಗನೊಳ್ಳಿಯಾಚೆ

ಪುಣೆಯ ಕನ್ನಡಿಗರಿಗೆ ಊರಿನ ದಾರಿಯೆಂದರೆ ಸಾತಾರಾ, ಕೊಲ್ಹಾಪುರ, ಕಾಗಲ್ ದಾಟಿ ನಿಪ್ಪಾಣಿ ಬಳಿಯ ಕೊಗನೊಳ್ಳಿ. ಅಲ್ಲಿಂದ ಕರ್ನಾಟಕ. ಪರವಾನಗಿಯ ಕ್ಷೇತ್ರ ಮಹಾರಾಷ್ಟ್ರಕ್ಕೆ ಸೀಮಿತವಾಗಿದ್ದರೆ ಕೊಗನೊಳ್ಳಿ ದಾಟುತ್ತಿದ್ದಂತೆ ಆ ಕಾಗದದ ಬಲ ಮುಗಿಯುತ್ತದೆ. ಕ್ಷೇತ್ರ ವಿಸ್ತರಿಸಿಕೊಳ್ಳಲು ಕಾರಣ ಕೊಟ್ಟು ಅರ್ಜಿ ಹಾಕಬೇಕು. ಕೆಲಸಕ್ಕೆಂದು ಕಲಬುರಗಿಯಿಂದಲೋ ಹುಬ್ಬಳ್ಳಿಯಿಂದಲೋ ಪುಣೆಗೆ ಬಂದು ನೆಲೆಸಿದವರು ಆಯುಧವನ್ನೂ ತಂದಿದ್ದರೆ, ವಾಸ ಬದಲಾದದ್ದನ್ನು ಪರವಾನಗಿ ಕೊಟ್ಟ ಪ್ರಾಧಿಕಾರಕ್ಕೂ ಹೊಸ ಊರಿನ ಪ್ರಾಧಿಕಾರಕ್ಕೂ ತಿಳಿಸಬೇಕು. ಮನೆ ಬಾಡಿಗೆ ಕರಾರು, ಗ್ಯಾಸ್ ಸಂಪರ್ಕ ಎಲ್ಲ ಬದಲಿಸಿಕೊಳ್ಳುವವರು ಮರೆಯುವುದು ಇದನ್ನೇ.

ಕೊಡಗಿನವರ ಮಾತು ಇಲ್ಲಿ ಬಂದೇ ಬರುತ್ತದೆ. ದಕ್ಷಿಣ ಕಮಾಂಡಿನ ಕೇಂದ್ರವಾದ ಪುಣೆಯಲ್ಲಿ ಸೇನೆಯ ಕೊಡವ ಕುಟುಂಬಗಳಿಗೇನೂ ಕೊರತೆಯಿಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿತು, ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರಿನಲ್ಲಿ ಎತ್ತಿಹಿಡಿಯಿತು. ಆದರೆ ಜಿಲ್ಲೆಯ ಹೊರಗೆ ವಾಸಿಸುವಾಗ, ಪ್ರಯಾಣಿಸುವಾಗ ಒಂದು ರೈಫಲ್, ಒಂದು ಕೋವಿ ಮತ್ತು ಅವಕ್ಕೆ ನಿಗದಿಯಾದ ತೋಟಾಗಳ ಮಿತಿಯನ್ನು ಆ ವಿನಾಯಿತಿ ಹಾಕಿದೆ. ಕೈಲ್ ಪೊಳ್ದ್ ಹಬ್ಬದಲ್ಲಿ ಪೂಜೆಗೊಳ್ಳುವ ಕೋವಿಯ ಪರಂಪರೆಯಿಂದ ಹುಟ್ಟಿದ ಈ ವಿನಾಯಿತಿಯನ್ನು ಕಾರಿನಲ್ಲಿಟ್ಟ ಪಿಸ್ತೂಲಿಗೆ ಗುರಾಣಿ ಮಾಡಿಕೊಳ್ಳಲಾಗದು.

ಹಬ್ಬ, ಕಾಲೇಜು, ಚುನಾವಣೆ

ಪರವಾನಗಿಯ ಹಳೆಯ ಷರತ್ತೊಂದು ಪುಣೆಯಲ್ಲಿ ವಿಶೇಷ ಅರ್ಥ ಪಡೆಯುತ್ತದೆ. ವಿಶೇಷ ಅನುಮತಿ ಇಲ್ಲದೆ ಜಾತ್ರೆ, ಧಾರ್ಮಿಕ ಮೆರವಣಿಗೆ, ಸಾರ್ವಜನಿಕ ಸಭೆ ಮತ್ತು ಶಿಕ್ಷಣ ಸಂಸ್ಥೆಯ ಆವರಣಕ್ಕೆ ಆಯುಧ ಒಯ್ಯುವಂತಿಲ್ಲ. ಆಷಾಢ ಏಕಾದಶಿಗೆ ಮುಂಚೆ ದೇಹು, ಆಳಂದಿಯ ಪಾಲಖಿಗಳು ಹಾದುಹೋಗುವ, ಅನಂತ ಚತುರ್ದಶಿಯ ಗಣೇಶ ವಿಸರ್ಜನೆ ಮರುದಿನದವರೆಗೂ ನಡೆಯುವ, ಹೆಜ್ಜೆಗೊಂದು ಕಾಲೇಜು ಇರುವ ಊರಿದು. ಮಗಳನ್ನು ಕಾಲೇಜಿನೊಳಗೆ ಇಳಿಸಲು ಗೇಟು ದಾಟಿದ ಕಾರಿನಲ್ಲಿ ಪಿಸ್ತೂಲಿದ್ದರೆ ಷರತ್ತು ಮುರಿದಂತೆ.

ಇದರ ಮೇಲೆ ರಾಜ್ಯದ ಕಾನೂನು ಬೇರೆ. 1951ರ ಮಹಾರಾಷ್ಟ್ರ ಪೊಲೀಸ್ ಕಾಯ್ದೆಯ 37ನೇ ಸೆಕ್ಷನ್ನಿನಡಿ ಕಮಿಷನರ್ ಅಥವಾ ಜಿಲ್ಲಾ ಮ್ಯಾಜಿಸ್ಟ್ರೇಟರು ನಿಗದಿತ ದಿನಗಳಿಗೆ ಆಯುಧ ಒಯ್ಯುವುದನ್ನು ನಿಷೇಧಿಸಬಹುದು. ಹಬ್ಬ, ಆಂದೋಲನಗಳ ಮುಂಚೆ ಇಂಥ ಆದೇಶಗಳು ಪುಣೆಯಲ್ಲಿ ಪದೇ ಪದೇ ಹೊರಬೀಳುತ್ತವೆ. ಚುನಾವಣೆ ಘೋಷಣೆಯಾದರೆ ಆಯುಧಗಳನ್ನು ಠಾಣೆಯಲ್ಲಿ ಠೇವಣಿ ಇಡಿಸುವ ಪ್ರಕ್ರಿಯೆ ಶುರುವಾಗುತ್ತದೆ. ಎಲ್ಲರಿಂದಲೂ ಸಾರಾಸಗಟಾಗಿ ಇಡಿಸಿಕೊಳ್ಳುವುದು ಸರಿಯಲ್ಲ, ಪರಿಶೀಲನಾ ಸಮಿತಿ ಒಬ್ಬೊಬ್ಬರ ವಿಷಯವನ್ನೂ ಬೇರೆಯಾಗಿ ನೋಡಬೇಕು ಎಂದು ಬಾಂಬೆ ಹೈಕೋರ್ಟ್ 2009ರಲ್ಲಿ ಹೇಳಿದೆ.

ಹಕ್ಕಲ್ಲ, ಅನುಮತಿ

ಇಷ್ಟೊಂದು ಕಟ್ಟುಪಾಡು ಏಕೆ ಎಂದು ಕೇಳುವವರಿಗೆ ಉತ್ತರ ಇತಿಹಾಸದಲ್ಲಿದೆ. 1878ರ ವಸಾಹತು ಕಾಲದ ಕಾಯ್ದೆ ಭಾರತೀಯರಿಗೆ ಪರವಾನಗಿ ಕಡ್ಡಾಯ ಮಾಡಿ ಯುರೋಪಿಯನ್ನರಿಗೆ ವಿನಾಯಿತಿ ಕೊಟ್ಟಿತ್ತು. ಆ ಕಾಯ್ದೆ ಜಾರಿಯಲ್ಲಿದ್ದಾಗಲೇ, 1897ರ ಜೂನ್ 22ರ ರಾತ್ರಿ, ಪುಣೆಯ ಗಣೇಶಖಿಂಡ್ ರಸ್ತೆಯಲ್ಲಿ ಪ್ಲೇಗ್ ಅಧಿಕಾರಿ ರ್‍ಯಾಂಡ್‌ನ ಸಾರೋಟಿನ ಹಿಂದಿನಿಂದ ದಾಮೋದರ ಚಾಪೇಕರ್ ಗುಂಡು ಹಾರಿಸಿದರು. ಶಸ್ತ್ರ ಕಸಿದುಕೊಂಡದ್ದು ಅವಮಾನವೆಂಬ ಭಾವನೆ ಸ್ವಾತಂತ್ರ್ಯ ಚಳವಳಿಯಲ್ಲಿ ಬಹುಕಾಲ ಉಳಿಯಿತು. 1931ರ ಕರಾಚಿ ಕಾಂಗ್ರೆಸ್ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಶಸ್ತ್ರ ಹೊಂದುವ ಹಕ್ಕು ಸೇರಿತ್ತು. ಸಂವಿಧಾನ ಸಭೆಯಲ್ಲಿ ಎಚ್.ವಿ. ಕಾಮತ್ ಅದನ್ನು ಮೂಲಭೂತ ಹಕ್ಕಾಗಿ ಸೇರಿಸಬೇಕೆಂದರು, ಡಾ. ಅಂಬೇಡ್ಕರ್ ಒಪ್ಪಲಿಲ್ಲ. ಸಂವಿಧಾನದ 19ನೇ ವಿಧಿ ಸಭೆ ಸೇರುವ ಸ್ವಾತಂತ್ರ್ಯವನ್ನೇ ‘ಆಯುಧಗಳಿಲ್ಲದೆ’ ಎಂಬ ಷರತ್ತಿನೊಡನೆ ಕೊಟ್ಟಿತು. ಅಮೆರಿಕದಂತೆ ಇಲ್ಲಿ ಬಂದೂಕು ಮೂಲಭೂತ ಹಕ್ಕಲ್ಲ ಎಂದು ನ್ಯಾಯಮೂರ್ತಿಗಳಾದ ಕೆ.ಎಂ. ಜೋಸೆಫ್ ಮತ್ತು ಬಿ.ವಿ. ನಾಗರತ್ನ ಅವರ ಪೀಠ 2023ರ ಫೆಬ್ರವರಿಯಲ್ಲಿ ಮತ್ತೆ ನೆನಪಿಸಿತು. ಕಾರಿನ ವಾದಗಳೆಲ್ಲ ಈ ನೆಲಗಟ್ಟಿನ ಮೇಲೆಯೇ ನಿಲ್ಲಬೇಕು.

ಕಾಗದವೇ ಇಲ್ಲದ ಪಿಸ್ತೂಲುಗಳು

ಇದೆಲ್ಲ ಓದಿದವರಿಗೆ ಒಂದು ಅಸಮಾಧಾನ ಸಹಜ. ನಿಯಮಗಳ ಬಿಗಿಯೆಲ್ಲ ಕಾಗದ ಮಾಡಿಸಿಕೊಂಡವರಿಗೆ, ಕೊಲೆಗಳೆಲ್ಲ ಕಾಗದವಿಲ್ಲದವರಿಂದ. ಅದರಲ್ಲಿ ನಿಜವಿದೆ. 2013ರ ಆಗಸ್ಟ್ 20ರಂದು ಪುಣೆಯ ಓಂಕಾರೇಶ್ವರ ಸೇತುವೆಯ ಮೇಲೆ ನರೇಂದ್ರ ದಾಭೋಲ್ಕರ್, 2015ರಲ್ಲಿ ಕೊಲ್ಹಾಪುರದಲ್ಲಿ ಗೋವಿಂದ ಪಾನ್ಸರೆ, ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ, 2017ರಲ್ಲಿ ಬೆಂಗಳೂರಿನಲ್ಲಿ ಗೌರಿ ಲಂಕೇಶ್: ಪುಣೆ-ಬೆಂಗಳೂರು ಹೆದ್ದಾರಿಯುದ್ದಕ್ಕೂ ಚಾಚಿಕೊಂಡ ಈ ಹತ್ಯೆಗಳಲ್ಲಿ ಬೈಕಿನಲ್ಲಿ ಬಂದವರ ಕೈಯಲ್ಲಿದ್ದದ್ದು ನಾಡ ಪಿಸ್ತೂಲು. ಮಧ್ಯಪ್ರದೇಶದ ಬಡವಾನಿ ಜಿಲ್ಲೆಯ ಉಮರ್ಟಿಯಲ್ಲಿ ತಯಾರಾದ ಕಟ್ಟಾ ಎಂಬ ನಾಡ ಪಿಸ್ತೂಲುಗಳ ಹೆಸರು ಪುಣೆ ಪೊಲೀಸರ ಪ್ರಕರಣಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ನಮ್ಮ ಭೀಮಾ ತೀರಕ್ಕೂ ಇಂಥದೇ ಕುಖ್ಯಾತಿ. ಇವಕ್ಕೆಲ್ಲ ಸಾಗಣೆಯೆಂದರೆ ಬೈಕು, ಕಾರು, ಬಸ್ಸು. 23ನೇ ಸೆಕ್ಷನ್ನಿನ ವಾಹನ ಶೋಧದ ಅಧಿಕಾರ ಪರವಾನಗಿದಾರರಿಗೆ ಕಿರಿಕಿರಿಯೆನಿಸಿದರೂ ಅದರ ನಿಜವಾದ ಗುರಿ ಈ ಸಾಗಣೆಯೇ.

ಹಾಗೆಂದು ಪರವಾನಗಿದಾರರ ಮೇಲಿನ ಬಿಗಿ ವ್ಯರ್ಥವಲ್ಲ. ಕಾರಿನ ಗಾಜು ಒಡೆದು ಕದ್ದ ಪಿಸ್ತೂಲು ಮರುದಿನದಿಂದ ಕಾಗದವಿಲ್ಲದ ಪಿಸ್ತೂಲುಗಳ ಸಾಲಿಗೆ ಸೇರುತ್ತದೆ. ಕಳೆದುಹೋದರೆ ತಕ್ಷಣ ಹತ್ತಿರದ ಠಾಣೆಗೆ ತಿಳಿಸಬೇಕೆಂಬ ಷರತ್ತು ಇರುವುದು ಇದಕ್ಕೇ.

ಕೊರತೆ ಇರುವುದು ಬಿಗಿಯಲ್ಲಲ್ಲ, ಸ್ಪಷ್ಟತೆಯಲ್ಲಿ. ಆಯುಧ ಒಯ್ಯಬಾರದ ಕಾಲೇಜು, ಸಭೆ, ದೇವಸ್ಥಾನದ ಮೆರವಣಿಗೆ ಎದುರಾದಾಗ ದಾರಿಯಲ್ಲಿರುವವರು ಅದನ್ನು ಎಲ್ಲಿಡಬೇಕು? ಒಳಗೆ ಒಯ್ದರೆ ಷರತ್ತು ಮುರಿಯುತ್ತದೆ, ಕಾರಿನಲ್ಲಿ ಬಿಟ್ಟರೆ ಹತೋಟಿ ತಪ್ಪುತ್ತದೆ. ವಾಹನಕ್ಕೆ ಬಿಗಿದ ಬೀಗದ ಪೆಟ್ಟಿಗೆಗೆ ಮಾನದಂಡ ಹಾಕಿ, ಇಷ್ಟು ಹೊತ್ತಿನವರೆಗೆ ಇಡಬಹುದೆಂದು ನಿಯಮಾವಳಿಯಲ್ಲೇ ಒಂದು ಸಾಲು ಬರೆದರೆ ಪರವಾನಗಿದಾರರಿಗೂ ನಾಕಾಬಂದಿಯ ಪೊಲೀಸರಿಗೂ ಗೊಂದಲ ತಪ್ಪುತ್ತದೆ. ಪರವಾನಗಿಯ ಕ್ಷೇತ್ರ ಎಲ್ಲಿಯವರೆಗೆ ಎಂಬುದನ್ನು ದೇಶವ್ಯಾಪಿ ಪರವಾನಗಿ ದತ್ತಾಂಶದಲ್ಲಿ ಹೆದ್ದಾರಿಯ ತಪಾಸಣೆಯವರು ಅಲ್ಲೇ ನೋಡುವಂತಾಗಬೇಕು.

ಅಲ್ಲಿಯವರೆಗೆ ತೀರ್ಮಾನ ಮನೆಯಲ್ಲೇ, ಹೊರಡುವ ಮೊದಲೇ ಆಗಬೇಕು. ದಾರಿಯುದ್ದಕ್ಕೂ, ಊಟಕ್ಕೆ ಇಳಿದಾಗಲೂ, ಒರೆಯಲ್ಲೋ ಚೀಲದಲ್ಲೋ ಮುಚ್ಚಿಟ್ಟು ಮೈಬಿಡದೆ ಒಯ್ಯಲು ಸಾಧ್ಯವೇ, ಹೋಗುವ ಜಾಗ ಅದಕ್ಕೆ ಒಪ್ಪುವಂಥದೇ, ಪರವಾನಗಿ ಅಲ್ಲಿಯವರೆಗೆ ಊರ್ಜಿತವೇ? ಈ ಮೂರರಲ್ಲಿ ಒಂದಕ್ಕೆ ಇಲ್ಲವೆಂಬ ಉತ್ತರ ಬಂದರೂ ಆಯುಧವನ್ನು ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ಮಾರಾಟಗಾರರ ಬಳಿ ಠೇವಣಿ ಇಟ್ಟು ರಸೀದಿ ಪಡೆಯಲು ಅವಕಾಶವಿದೆ. ಪರವಾನಗಿದಾರರಲ್ಲಿ ಬಹುಮಂದಿಗೆ ವರ್ಷದ ಬಹುಪಾಲು ಪ್ರಯಾಣಗಳಲ್ಲಿ ಆ ರಸೀದಿಯೇ ಹೆಚ್ಚು ಉಪಯೋಗದ ಕಾಗದ.